ಜರ್ಮನಿಗೆ ಹೊರಟ ನಮ್ಮ ಗುಡ್ಡದ ಮಣ್ಣು

ಕೂಡ್ಲಿಗಿ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ ಹಾಗಿತ್ತು, ಜನ ಹೀಗಿದ್ದರು, ನಮ್ಮ ದೇಶ ಇನ್ಯಾವಾಗ ಉದ್ಧಾರವಾಗುತ್ತದೋ ಎಂದು ಬರೆಯುವುದು ವಾಡಿಕೆ. ಅಂಥದ್ದನ್ನು ಓದಬೇಕೆಂದು ಕೂತವರು ಇಲ್ಲಿಗೇ ಎದ್ದು ಹೋಗಬಹುದು. ರಸ್ತೆ ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಉಳಿದದ್ದನ್ನು ಹೇಳುತ್ತೇನೆ.

ನಮ್ಮೂರು ಗುಡೇಕೋಟೆಯ ಕಡೆಗಿದೆ. ಪಂಚಾಯಿತಿಗೆ ಮಹಿಳಾ ಮೀಸಲಾತಿ ಬಂದಾಗ ಪಿಯುಸಿ ಓದಿದ ಸೊಸೆ ಊರಿಗೆಲ್ಲ ನಾನೊಬ್ಬಳೇ ಇದ್ದೆ. ಹಾಗಾಗಿ ಅಧ್ಯಕ್ಷೆಯಾದೆ. ಮನೆಯವರು ಖುರ್ಚಿಯಲ್ಲಿ ತಾವು ಕೂರಬಹುದೆಂದು ಲೆಕ್ಕ ಹಾಕಿದ್ದರು, ಆದರೆ ಖುರ್ಚಿಯ ರುಚಿ ನನಗೇ ಹತ್ತಿಬಿಟ್ಟಿತು. ನಮ್ಮದು ಕುರಿ ಸಾಕುವ ಮನೆತನ. ಊರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಅದೇ ಬದುಕು. ಊರ ಹಿಂದಿನ ಗುಡ್ಡ ಎಲ್ಲ ಹಿಂಡುಗಳಿಗೂ ಸೇರಿದ್ದು. ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ನನ್ನ ಮಾವ ಗುಡ್ಡ ಹತ್ತುವ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಟೊಂಗೆ ಎಳೆದು ಹಾಕುತ್ತಾರೆ. ಅದಕ್ಕೆ ಗುಡ್ಡಕ್ಕೆ ಮುಳ್ಳು ಹಚ್ಚುವುದು ಎನ್ನುತ್ತೇವೆ. ಹುಲ್ಲು ಬೆಳೆದು, ತೆನೆ ಕಟ್ಟಿ, ಬೀಜ ಉದುರುವ ತನಕ ಯಾರ ಕುರಿಯೂ ಆ ಮುಳ್ಳು ದಾಟುವಂತಿಲ್ಲ. ದೀಪಾವಳಿ ಕಳೆದ ಮೇಲೆ ಮುಳ್ಳು ತೆಗೆಯುತ್ತಾರೆ. ಇದಕ್ಕೆ ಪೊಲೀಸರೂ ಇಲ್ಲ, ದಂಡವೂ ಇಲ್ಲ. ಮುಳ್ಳು ದಾಟಿಸಿದವನ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಪರಿಸರದವರೆಂದು ಹೇಳಿಕೊಂಡು ಜೀಪುಗಳು ನಮ್ಮ ಕಡೆ ಬರತೊಡಗಿದ್ದವು. ಬೆಂಗಳೂರಿನ ಒಂದು ಸಂಸ್ಥೆಯ ಸಂಯೋಜಕ ಶ್ರೀಧರ್ ಹಾಗೆ ಬಂದವರು. ಭೂಮಿ ಬಿಸಿಯಾಗುತ್ತಿದೆ, ಮಳೆ ಹದ ತಪ್ಪುತ್ತಿದೆ, ಗಿಡ ಹಚ್ಚಬೇಕು ಎಂದರು. ಮಳೆ ಹದ ತಪ್ಪಿದ್ದನ್ನು ಅವರಿಂದ ತಿಳಿಯುವ ಗತಿ ನಮಗೇನೂ ಇರಲಿಲ್ಲ. ಆದರೂ ಕೆರೆಯ ಸುತ್ತ ಮತ್ತು ಶಾಲೆಯ ಅಂಗಳದಲ್ಲಿ ಹೊಂಗೆ ಸಸಿ ಹಚ್ಚುವುದಕ್ಕೆ ಪಂಚಾಯಿತಿ ಒಪ್ಪಿತು. ಕೆಲವು ತಿಂಗಳಾದ ಮೇಲೆ ಶ್ರೀಧರ್ ಫೋನು ಮಾಡಿ, ಜರ್ಮನಿಯಲ್ಲಿ ಪರಿಸರ ಉದ್ಯಮದ ದೊಡ್ಡ ಮೇಳವಿದೆ, ಗ್ರಾಮೀಣ ಮಹಿಳೆಯಾಗಿ ನೀವು ಬಂದು ನಾಲ್ಕು ಮಾತಾಡಬೇಕು, ಖರ್ಚೆಲ್ಲ ಅವರದು ಎಂದರು. ಬರುವಾಗ ನಿಮ್ಮ ಗುಡ್ಡದ ಒಂದು ಹಿಡಿ ಮಣ್ಣು ತನ್ನಿ ಎಂದೂ ಸೇರಿಸಿದರು.

ಮಣ್ಣು ಎಂದ ಕೂಡಲೇ ನನಗೆ ಹೊಳೆದದ್ದು ಮಣ್ಣು ಪರೀಕ್ಷೆ. ನಮ್ಮ ತಾಲ್ಲೂಕಿನಲ್ಲಿ ಪ್ಯಾಂಟು ತೊಟ್ಟವನು ಬಂದು ಮಣ್ಣು ಕೇಳಿದರೆ ಅದು ಪರೀಕ್ಷೆಗೇ. ವರ್ಷಾ ವರ್ಷಾ ಒಯ್ಯುತ್ತಾರೆ, ಫಲಿತಾಂಶ ಮಾತ್ರ ಬರುವುದಿಲ್ಲ. ಹೊರದೇಶದ ಪರೀಕ್ಷೆಯಾದರೂ ನೆಟ್ಟಗಾಗಲಿ ಎಂದು ಗುಡ್ಡದ ಹಲವು ಕಡೆ ಗುಂಡಿ ತೆಗೆದು, ಮಣ್ಣು ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಬಟ್ಟೆಯ ಚೀಲಕ್ಕೆ ತುಂಬಿ, ಊರಿನ ಹೆಸರಿನ ಚೀಟಿಯನ್ನೂ ಕಟ್ಟಿದೆ. ಮಾವ ಪಕ್ಕದಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಾ ನೋಡುತ್ತಿದ್ದರು.

"ಪರೀಕ್ಷಿ ಮಾಡಿ ಏನ್ ಹೇಳ್ತಾರವ್ವ? ಕಲ್ಲು ಐತಿ, ಹುಲ್ಲು ಬೆಳಿತೈತಿ ಅಂತಾರ. ಅದನ್ನ ಕೇಳಾಕ ಅಷ್ಟು ದೂರ ಹೋಗಬೇಕೇನು?"

ಆ ಮಾತಿಗೆ ನಕ್ಕು ಚೀಲವನ್ನು ಟ್ರಂಕಿಗೆ ಹಾಕಿದೆ. ಕೂಡ್ಲಿಗಿಯಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಟ್ರಂಕು ಎತ್ತಿ ನೋಡಿ, ಏನಕ್ಕಾ ಕಲ್ಲು ತುಂಬೀಯೇನು ಎಂದು ಕೇಳಿದ. ಹೌದಪ್ಪ, ಕಲ್ಲೇ ಎಂದೆ.

ವಿಮಾನ ಇಳಿದ ಮೇಲೆ

ಹೊಗೆ ಕಡಿಮೆ ಮಾಡುವ ಬಗ್ಗೆ ಮಾತಾಡಲು ಇಷ್ಟು ಹೊಗೆ ಬಿಡುವ ವಿಮಾನದಲ್ಲಿ ಹೋಗಬೇಕೇ ಎಂದು ಶ್ರೀಧರರನ್ನು ಕೇಳಿದೆ. ಅದಕ್ಕೆಲ್ಲ ಪರಿಹಾರ ಕೊಟ್ಟಾಗಿದೆ ಮೇಡಂ, ಚಿಂತೆ ಮಾಡಬೇಡಿ ಎಂದು ಅವರು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿದರು. ಹೊಗೆಗೆ ಪರಿಹಾರ ಯಾರು ಯಾರಿಗೆ ಕೊಟ್ಟರು ಎಂದು ಕೇಳುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಇಳಿದ ಮೇಲೆ ಸುಂಕದ ಕಟ್ಟೆಯಲ್ಲಿ ನನ್ನ ಟ್ರಂಕನ್ನು ಒಂದು ನಾಯಿ ಮೂಸಿತು. ಮೂಸಿ ಬೊಗಳಲಿಲ್ಲ, ಅದರ ಪಕ್ಕದಲ್ಲಿ ಕಾಲು ಚಾಚಿ ಕೂತುಬಿಟ್ಟಿತು. ಪಾಪ, ಕುರಿಯ ವಾಸನೆ ಹೊಡೆದು ಹಿಂಡು ಕಾಯುವ ಹುಕಿ ಬಂದಿರಬೇಕು ಎಂದುಕೊಂಡೆ. ಆದರೆ ಆ ನಾಯಿ ಹಾಗೆ ಕೂತಿತೆಂದರೆ ಕಳ್ಳ ಸಿಕ್ಕ ಎಂದು ಅರ್ಥವಂತೆ. ಇಬ್ಬರು ಅಧಿಕಾರಿಗಳು ಓಡಿ ಬಂದರು. ಕೈಗೆ ರಬ್ಬರಿನ ಗವಸು ತೊಟ್ಟು ಚೀಲ ಬಿಚ್ಚಿದರು, ಕನ್ನಡದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಣ್ಣು ಪರೀಕ್ಷೆಗೆ ತಂದದ್ದು ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬ ತುಂಬ ಮರ್ಯಾದೆಯಿಂದಲೇ ವಿವರಿಸಿದ. ಹೊರಗಿನ ಮಣ್ಣು ಅವರ ನೆಲಕ್ಕೆ ಬರುವಂತಿಲ್ಲ. ಅದರಲ್ಲಿ ಹುಳ, ರೋಗ, ಏನೇನೋ ಇರಬಹುದು. ಹಾಗೆಂದು ನಮ್ಮ ಗುಡ್ಡದ ಮಣ್ಣನ್ನು ಹಳದಿ ಡಬ್ಬಿಗೆ ಸುರಿದು ಮುಚ್ಚಳ ಬಿಗಿದ.

ಶ್ರೀಧರರ ಮುಖ ನನಗಿಂತ ಹೆಚ್ಚು ಬಿಳಿಚಿಕೊಂಡಿತ್ತು. ಕಾರ್ಯಕ್ರಮಕ್ಕೆ ಅದೇ ಮುಖ್ಯವಾಗಿತ್ತು ಮೇಡಂ ಎಂದು ಎರಡು ಸಲ ಗೊಣಗಿದರು. ಪರೀಕ್ಷೆ ಇಲ್ಲದಿದ್ದರೆ ಮೇಳವೇನೂ ನಿಲ್ಲುವುದಿಲ್ಲವಲ್ಲ ಎಂದೆ.

ಹೆಲ್ಗಾ ಅವರ ಮನೆ

ನನ್ನನ್ನು ಇಳಿಸಿದ್ದು ಹೆಲ್ಗಾ ಎಂಬ ನಿವೃತ್ತ ಶಾಲಾ ಮಾಸ್ತರಿಣಿಯ ಮನೆಯಲ್ಲಿ. ಅವರದೂ ನಿಧಾನದ ಇಂಗ್ಲಿಷು, ನನ್ನದೂ ನಿಧಾನದ ಇಂಗ್ಲಿಷು. ಹಾಗಾಗಿ ಮೇಳದಲ್ಲಿ ಸಿಕ್ಕ ದೊಡ್ಡ ದೊಡ್ಡವರಿಗಿಂತ ಅವರೇ ನನಗೆ ಹೆಚ್ಚು ಅರ್ಥವಾದರು. ಹೆಸರಿನ ಕೊನೆಗೆ ಅಮ್ಮ ಸೇರಿಸುವುದು ಅವರ ನಾಲಿಗೆಗೆ ಒಗ್ಗದೆ ರತ್ನಮ್ಮನಾದ ನಾನು ರಟ್ನಾ ಆದೆ.

ಅಡುಗೆಮನೆಯಲ್ಲಿ ಕಸಕ್ಕೆ ನಾಲ್ಕು ಡಬ್ಬಿಗಳಿದ್ದವು. ಬಾಳೆಹಣ್ಣಿನ ಸಿಪ್ಪೆಯನ್ನು ಯಾವುದೋ ಒಂದಕ್ಕೆ ಹಾಕಿದೆ. ಹೆಲ್ಗಾ ಅದನ್ನು ತೆಗೆದು ಇನ್ನೊಂದಕ್ಕೆ ಹಾಕಿ, ಮಗ್ಗಿ ತಪ್ಪಿದ ಹುಡುಗಿಗೆ ಹೇಳುವಂತೆ ತಿಳಿಹೇಳಿದರು. ಚಹಾ ಕುಡಿದ ಮೇಲೆ ಅದರ ಸಣ್ಣ ಚೀಲವನ್ನು ಬಿಡಿಸಿದರು. ಎಲೆ ಒಂದು ಡಬ್ಬಿಗೆ, ಚೀಟಿ ಒಂದಕ್ಕೆ, ದಾರ ಒಂದಕ್ಕೆ, ದಾರಕ್ಕೆ ಚುಚ್ಚಿದ್ದ ಸೂಜಿಯಂಥ ತಂತಿ ಇನ್ನೊಂದಕ್ಕೆ. ನಮ್ಮಲ್ಲಿ ಹೆಣ್ಣುಮಕ್ಕಳು ಅಕ್ಕಿ ಆರಿಸುವಷ್ಟು ಶ್ರದ್ಧೆಯಿಂದ ಇಲ್ಲಿ ಕಸ ಆರಿಸುತ್ತಾರೆ. ಅವರ ಆ ಶ್ರದ್ಧೆಯನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮೂರಿನ ಚರಂಡಿಯಲ್ಲಿ ತೇಲುವ ಗುಟ್ಕಾ ಚೀಟಿಗಳು ನೆನಪಾಗಿ ಅಧ್ಯಕ್ಷೆಯಾದ ನನಗೆ ನಾಚಿಕೆಯೂ ಆಯಿತು.

ಆಮೇಲೆ ಮಾತು ಚಳಿಯ ಕಡೆ ಹೊರಳಿತು. ಪ್ರತಿ ಚಳಿಗಾಲಕ್ಕೂ ಯಾವುದೋ ಬಿಸಿಲಿನ ದ್ವೀಪಕ್ಕೆ ವಿಮಾನದಲ್ಲಿ ಹೋಗುತ್ತಾರಂತೆ. ಅಷ್ಟು ಹೊಗೆ ಬಿಡುವುದು ಮನಸ್ಸಿಗೆ ಚುಚ್ಚುವುದಿಲ್ಲವೇ ಎಂದು ಕೇಳಿದೆ. ಚುಚ್ಚುತ್ತಿತ್ತು, ಈಗ ಇಲ್ಲ ಎಂದರು. ಈಗ ಟಿಕೀಟಿನ ಜೊತೆಗೆ ಒಂದಿಷ್ಟು ಹೆಚ್ಚು ಕೊಟ್ಟರೆ ಒಂದು ಕಂಪನಿ ಅವರ ಹೆಸರಿನಲ್ಲಿ ಗಿಡ ನೆಡುತ್ತದೆ, ಅವರು ಬಿಟ್ಟ ಹೊಗೆಯನ್ನು ಆ ಗಿಡ ಕುಡಿಯುತ್ತದೆ. ಗಿಡ ಎಲ್ಲಿದೆ ಎಂದು ಕೇಳಿದ್ದಕ್ಕೆ ನನ್ನ ಕೈ ಹಿಡಿದು ಪ್ರೀತಿಯಿಂದ ಹೇಳಿದರು: "ಇಂಡಿಯಾದಲ್ಲಿ. ಯಾರಿಗೆ ಗೊತ್ತು ರಟ್ನಾ, ನಿನ್ನ ಊರಿನಲ್ಲೇ ಇರಬಹುದು."

ವರ್ಷವಿಡೀ ತಕ್ಕಡಿಯಲ್ಲಿ ಮೋಸ ಮಾಡಿ, ವರ್ಷಕ್ಕೊಮ್ಮೆ ದೇವರ ಹುಂಡಿಗೆ ಹಾಕಿ ಕೈ ತೊಳೆದುಕೊಳ್ಳುವ ಶೇಂಗಾ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಅವರು ಕಡೇಪಕ್ಷ ದೇವಸ್ಥಾನದ ತನಕ ತಾವೇ ನಡೆದು ಹೋಗುತ್ತಾರೆ. ಇವರ ಪಾಪದ ಗಿಡಕ್ಕೆ ನೀರು ಹಾಕುವವರು ಬೇರೆ, ಗುಂಡಿ ತೋಡುವವರು ಬೇರೆ, ನೆಲ ಬಿಡುವವರು ಇನ್ನೂ ಬೇರೆ. ಇದನ್ನೆಲ್ಲ ಹೇಳುವಷ್ಟು ಇಂಗ್ಲಿಷು ನನಗೆ ಬರಲಿಲ್ಲ, ಎದ್ದು ಚಹಾದ ಬಟ್ಟಲು ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಶ್ರೀಧರ್ ಒಂದು ಚೆಂದದ ಗಾಜಿನ ಭರಣಿ ಹಿಡಿದು ಬಂದರು. ಹೆಲ್ಗಾ ಅವರ ಅಪ್ಪಣೆ ಕೇಳಿ ಹಿತ್ತಲಿನ ಗುಲಾಬಿ ಗಿಡದ ಬುಡದಿಂದ ಮಣ್ಣು ಬಗೆದು ಅದಕ್ಕೆ ತುಂಬಿದರು. ಕಪ್ಪು ಮಣ್ಣು, ಮೆತ್ತಗೆ, ಎರೆಹುಳ ಬೇರೆ. ನಮ್ಮದು ಕೆಂಪು, ಗರಸು. ಯಾವ ಕುರುಡನೂ ಕೈಯಾಡಿಸಿ ಹೇಳಬಲ್ಲ. ಇದನ್ನು ಪರೀಕ್ಷೆ ಮಾಡಿ ನಮ್ಮ ಗುಡ್ಡಕ್ಕೆ ಏನು ಗೊಬ್ಬರ ಹೇಳುತ್ತಾರೆ ಸಾರ್ ಎಂದೆ. ಅವರು ನಗುತ್ತಾ ಭರಣಿಯ ಅಂಚು ಒರೆಸಿದರು.

"ಯಾವ ಪರೀಕ್ಷೆ ಮೇಡಂ? ನಾಳೆ ಸ್ಟೇಜ್ ಮೇಲೆ ನೀವಿದನ್ನ ಕಂಪನಿ ಡೈರೆಕ್ಟರ್ ಕೈಗೆ ಕೊಡ್ತೀರಿ. ಫೋಟೋ ತೆಗೀತಾರೆ. ಅಷ್ಟೇ."

ನಮ್ಮ ಕಡೆ ನೆಲದ ಮಣ್ಣನ್ನು ಎತ್ತಿ ನಾಲ್ಕು ಜನರೆದುರು ಇನ್ನೊಬ್ಬರ ಕೈಗೆ ಹಾಕಿದರೆ ಆ ನೆಲ ಕೊಟ್ಟ ಹಾಗೆ. ಕಾಗದಪತ್ರ ಆಮೇಲೆ ಆಗುತ್ತದೋ ಬಿಡುತ್ತದೋ, ಮಾತು ಅಲ್ಲಿಗೆ ಮುಗಿಯಿತು. ನನ್ನ ಅಜ್ಜ ಸೋದರತ್ತೆಗೆ ಹೊಲ ಕೊಟ್ಟದ್ದೇ ಹಾಗೆ. ಯಾಕೆ ಕೊಡಬೇಕು ಎಂದು ಕೇಳಿದೆ. ಮೇಳಕ್ಕೆ ಬನ್ನಿ, ಅಲ್ಲಿ ಎಲ್ಲ ತೋರಿಸುತ್ತೇನೆ ಎಂದರು.

ಮೇಳ

ಹಗರಿಬೊಮ್ಮನಹಳ್ಳಿಯ ಸಂತೆ ಹತ್ತು ಹಿಡಿಸುವಷ್ಟು ದೊಡ್ಡ ಶೆಡ್ಡುಗಳು, ಒಂದರ ಪಕ್ಕ ಒಂದು. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಎಷ್ಟು ಶಾಖ ಬಿಟ್ಟಿದ್ದರೆಂದರೆ ಜನ ಕೋಟು ಕಳಚಿ ಅಂಗಿಯ ತೋಳು ಮಡಚಿ ಬೆವರು ಒರೆಸಿಕೊಳ್ಳುತ್ತಿದ್ದರು. ಬಾಗಿಲುಗಳು ಹಾರೊಡೆದಿದ್ದವು. ಶಾಖ ಉಳಿಸುವುದು ಹೇಗೆ ಎಂಬ ಭಾಷಣ ಆ ಬಾಗಿಲ ಪಕ್ಕದಲ್ಲೇ ನಡೆದಿತ್ತು. ಕಾಡು ಉಳಿಸಿ ಎಂದು ಅಚ್ಚು ಹಾಕಿಸಿದ ಕಾಗದಗಳನ್ನು ಚೀಲಗಟ್ಟಲೆ ಹಂಚುತ್ತಿದ್ದರು. ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು, ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ, ಎದೆಯ ಮೇಲೆ ಹಸಿರು ಎಲೆಯ ಬ್ಯಾಡ್ಜು. ಗಾಳಿಯಿಂದ ಕರೆಂಟು ತೆಗೆಯುವ ಒಂದು ಪಂಖ ಅಂಗಡಿಯೊಳಗೆ ಸುತ್ತುತ್ತಿತ್ತು. ಗಾಳಿಯಿಲ್ಲದ ಕಡೆ ಹೇಗೆ ಸುತ್ತುತ್ತದೆ ಎಂದು ಬಗ್ಗಿ ನೋಡಿದೆ. ಹಿಂದುಗಡೆ ಕರೆಂಟಿನ ವಯರು ಇತ್ತು.

ನಮ್ಮ ಶ್ರೀಧರರ ಅಂಗಡಿ ಕೊನೆಯ ಶೆಡ್ಡಿನಲ್ಲಿ. ಗಿಡ ನೆಟ್ಟು ಹೊಗೆ ಕುಡಿಸುವ ಕಂಪನಿಯದು. ಹೆಲ್ಗಾ ಅವರ ಟಿಕೀಟಿನ ಗಿಡ ನೆಡುವ ಕಂಪನಿಯೂ ಇದೇ ಎಂದು ಅಂಗಡಿಯ ಹುಡುಗಿ ಹೇಳಿದಳು. ಗೋಡೆಯ ಮೇಲೆ ಎರಡು ದೊಡ್ಡ ಫೋಟೋ ಇದ್ದವು. ಒಂದರ ಕೆಳಗೆ ಮೊದಲು ಎಂದೂ ಇನ್ನೊಂದರ ಕೆಳಗೆ ನಂತರ ಎಂದೂ ಬರೆದಿತ್ತು. ಮೊದಲಿನದರಲ್ಲಿ ಬೋಳು ಗುಡ್ಡ, ಕಂದು ಬಣ್ಣ, ಬಿಸಿಲು. ನಂತರದ್ದರಲ್ಲಿ ಹಸಿರೋ ಹಸಿರು. ಜನ ನಿಂತು ನೋಡಿ ಆಹಾ ಎನ್ನುತ್ತಿದ್ದರು. ನಾನೂ ಆಹಾ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಹಸಿರು ಫೋಟೋದ ಕೆಳಗಿನ ಮೂಲೆಯಲ್ಲಿ ದಾರಿಗೆ ಅಡ್ಡ ಬಿದ್ದ ಜಾಲಿಮುಳ್ಳು ಕಣ್ಣಿಗೆ ಬಿತ್ತು. ಅದು ನನ್ನ ಮಾವ ಎಳೆದು ಹಾಕಿದ ಮುಳ್ಳು. ಎರಡೂ ನಮ್ಮ ಗುಡ್ಡವೇ. ಒಂದನ್ನು ಬೇಸಿಗೆಯಲ್ಲಿ ತೆಗೆದಿದ್ದರು, ಇನ್ನೊಂದನ್ನು ಮಳೆಗಾಲದಲ್ಲಿ. ಒಂದೇ ಒಂದು ಸಸಿಯನ್ನೂ ಅಲ್ಲಿ ಯಾರೂ ನೆಟ್ಟಿರಲಿಲ್ಲ. ಹಸಿರೆಲ್ಲ ಹುಲ್ಲು, ಆ ಹುಲ್ಲು ನಮ್ಮ ಕಟ್ಟುಪಾಡಿನಿಂದ ಬೆಳೆದದ್ದು.

ಫೋಟೋದ ಕೆಳಗೆ ಮೇಜಿನ ಮೇಲೆ ಥರ್ಮಾಕೋಲಿನಲ್ಲಿ ಮಾಡಿದ ಗುಡ್ಡವಿತ್ತು. ಅದರ ತುಂಬ ಪ್ಲಾಸ್ಟಿಕ್ಕಿನ ನೀಲಗಿರಿ ಗಿಡಗಳು ಸಾಲಾಗಿ ನಿಂತಿದ್ದವು. ಸುತ್ತ ತಂತಿಯ ಬೇಲಿ, ಬೇಲಿಗೆ ಗೇಟು, ಗೇಟಿನಲ್ಲಿ ಬೆರಳುದ್ದದ ಕಾವಲುಗಾರ. ಗುಡ್ಡದ ನೆತ್ತಿಯ ಬೀರಪ್ಪನ ಗುಡಿಯಿಲ್ಲ, ಬಂಡೆಯ ನಡುವೆ ಮಳೆನೀರು ನಿಲ್ಲುವ ದೋಣೆಯಿಲ್ಲ, ಒಂದು ಕುರಿಯೂ ಇಲ್ಲ. ಊರಿನ ಹೆಸರು ಮಾತ್ರ ನಮ್ಮದೇ ಇತ್ತು.

ಇದೇನು ಸಾರ್ ಎಂದು ಶ್ರೀಧರರನ್ನು ಮೂಲೆಗೆ ಕರೆದು ಕೇಳಿದೆ. ಅವರು ತಾಳ್ಮೆಯಿಂದ ತಿಳಿಸಿದರು. ಗುಡ್ಡ ಪಾಳು ಬಿದ್ದಿದೆ, ಒಂದು ತಲೆಮಾರಿನ ಕಾಲ ಬೇಲಿ ಹಾಕಿ ನೀಲಗಿರಿ ಬೆಳೆಸುತ್ತಾರೆ, ಅದು ಕುಡಿದ ಹೊಗೆಯ ಲೆಕ್ಕವನ್ನು ಇಲ್ಲಿಯವರಿಗೆ ಮಾರುತ್ತಾರೆ. ಕುರಿ ಬಿಡುವಂತಿಲ್ಲ, ಆದರೆ ನಿಮ್ಮವರಿಗೆ ವಾಚ್‌ಮನ್ ಕೆಲಸ ಸಿಗುತ್ತದೆ. ಪಂಚಾಯಿತಿ ಗಿಡಕ್ಕೆ ಆಗಲೇ ಒಪ್ಪಿದೆಯಲ್ಲ ಎಂದರು. ಅದು ಕೆರೆಯ ಸುತ್ತ ಹೊಂಗೆ ಹಚ್ಚುವುದಕ್ಕೆ ಎಂದೆ. ಗಿಡ ಅಂದರೆ ಗಿಡ ಮೇಡಂ, ನಾಳೆ ಅಧ್ಯಕ್ಷರೇ ಜನರ ಮುಂದೆ ಮಣ್ಣು ಕೊಟ್ಟರೆ ಆಮೇಲೆ ಯಾರೂ ಏನೂ ಕೇಳೋದಿಲ್ಲ ಎಂದರು. ಆಗ ನನಗೆ ಎಲ್ಲ ನಿಚ್ಚಳವಾಯಿತು. ನಮ್ಮೂರಿನ ಅಷ್ಟೂ ಹಿಂಡುಗಳ ಮೇವು ನನ್ನ ಎರಡು ಕೈಗಳ ಮೇಲೆ ನಿಂತಿತ್ತು. ಕುರಿ ಕಾಯುವವನ ಕೈಗೆ ಸೀಟಿ ಕೊಟ್ಟು ನಿನ್ನ ಗುಡ್ಡವನ್ನು ನಿನ್ನ ಕುರಿಯಿಂದಲೇ ಕಾಯಿ ಎನ್ನುವ ಲೆಕ್ಕ ಇದು.

ಉಣ್ಣೆಯ ಅಂಗಡಿ

ಸಿಟ್ಟಿನಲ್ಲಿ ಕಂಡ ಕಡೆ ನಡೆದೆ. ಮೂರನೆಯ ಶೆಡ್ಡಿನಲ್ಲಿ ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಉಣ್ಣೆ! ಒಬ್ಬ ಗಡ್ಡದ ಮನುಷ್ಯ ಒರಟು ಉಣ್ಣೆಯನ್ನು ದಪ್ಪ ಹಾಸಿಗೆಯಂತೆ ಮಾಡಿ ಮಾರುತ್ತಿದ್ದ. ಹಾಸಲಿಕ್ಕೂ ಅಲ್ಲ, ಹೊದೆಯಲಿಕ್ಕೂ ಅಲ್ಲ, ಗೋಡೆಯ ಒಳಗೆ ತುಂಬಲಿಕ್ಕೆ. ಗೋಡೆಯಲ್ಲಿ ಉಣ್ಣೆ ಇದ್ದರೆ ಒಳಗಿನ ಶಾಖ ಹೊರಗೆ ಹೋಗುವುದಿಲ್ಲ, ಚಳಿಗಾಲದಲ್ಲಿ ಉರಿಸುವ ಎಣ್ಣೆ ಬಹಳ ಉಳಿಯುತ್ತದೆ, ಅಷ್ಟು ಹೊಗೆ ಹುಟ್ಟುವುದೇ ಇಲ್ಲ ಎಂದು ಕೈಸನ್ನೆ ಬಾಯಿಸನ್ನೆ ಎಲ್ಲ ಸೇರಿಸಿ ತಿಳಿಸಿದ. ಒಟ್ಟಿನಲ್ಲಿ ಮನೆಗೇ ಕಂಬಳಿ ಹೊದಿಸುವುದು.

ಆ ಇಡೀ ಮೇಳದಲ್ಲಿ ನಾನು ಕೇಳಿದ ಮೊದಲ ನೆಟ್ಟಗಿನ ಮಾತು ಅದು. ಪರಿಸರದ ಉದ್ಯಮ ಮಾಡಬೇಕಾದ್ದು ಇದನ್ನೇ ಅಲ್ಲವೇ? ಬಿಟ್ಟ ಹೊಗೆಯನ್ನು ಇನ್ನೊಬ್ಬರ ಗುಡ್ಡದ ಮೇಲೆ ಹೂಳುವ ಬದಲು ತಮ್ಮ ಮನೆಯಲ್ಲೇ ಹೊಗೆ ಕಡಿಮೆ ಮಾಡುವುದು. ನಮ್ಮ ಕಡೆ ಕಂಬಳಿ ಕೇಳುವವರು ಕಡಿಮೆಯಾಗಿ, ಕತ್ತರಿಸಿದ ಉಣ್ಣೆಯನ್ನು ಜನ ಬೇಲಿಗೆ ಎಸೆಯುವ ಕಾಲ ಬಂದಿದೆ. ಇಂಥ ಒಂದು ಕಾರ್ಖಾನೆಯನ್ನು ಕೊಟ್ಟೂರಿನಲ್ಲೋ ಹಡಗಲಿಯಲ್ಲೋ ಹಾಕಿ, ನಮ್ಮ ತಗಡಿನ ಮನೆಗಳ ಮಾಡಿಗೆ ಉಣ್ಣೆ ಹಾಸಿಕೊಟ್ಟರೆ ಬೇಸಿಗೆಯಲ್ಲಿ ಜನ ಬೇಯುವುದು ತಪ್ಪುತ್ತದೆ. ಯಾವ ಜೀಪಿನವರೂ ಅದನ್ನು ಹೇಳಿಕೊಂಡು ಬರಲಿಲ್ಲ.

ನಿನ್ನ ಕುರಿ ಎಲ್ಲಿ ಮೇಯುತ್ತವೆ ಎಂದು ಕೇಳಿದೆ. ಕಿಸೆಯಿಂದ ಫೋಟೋ ತೆಗೆದು ತೋರಿಸಿದ. ನಮ್ಮದರಂಥದ್ದೇ ಬೋಳು ಗುಡ್ಡ, ಅದರ ತುಂಬ ಕುರಿ. ಕುರಿ ಮೇಯದಿದ್ದರೆ ಪೊದೆ ಬೆಳೆದು ಹುಲ್ಲು ಸಾಯುತ್ತದೆ, ಆ ಗುಡ್ಡವನ್ನು ಸರ್ಕಾರವೇ ಕುರಿಗಾಗಿ ಮೀಸಲಿಟ್ಟಿದೆ ಎಂದ. ಅದಕ್ಕೆ ಬೇಲಿ ಹಾಕಿ ಗಿಡ ನೆಡುತ್ತೇವೆಂದು ಯಾರೂ ಬರಲಿಲ್ಲವೇ ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. ಹಾಗೆ ಕೇಳುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಮೂರನೆಯ ಶೆಡ್ಡಿನಲ್ಲಿ ಕುರಿಗೆ ಆರತಿ ಎತ್ತಿ, ಕೊನೆಯ ಶೆಡ್ಡಿನಲ್ಲಿ ಕುರಿಯನ್ನು ಒದ್ದು ಓಡಿಸುವ ಈ ಮೇಳಕ್ಕೆ ಎಷ್ಟು ನಾಲಿಗೆ ಎಂದು ಮೈ ಉರಿದುಹೋಯಿತು.

ವೇದಿಕೆ

ಮರುದಿನದ ಸಭೆಗೆ ಹೆಲ್ಗಾ ತಾವಾಗಿಯೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಶ್ರೀಧರ್ ನನಗೆ ಪಾಠ ಹೇಳಿದ್ದರು. ನೀವು ಕನ್ನಡದಲ್ಲಿ ಎರಡು ಮಾತು ಹೇಳಿ, ನಾನು ಇಂಗ್ಲಿಷಿಗೆ ಮಾಡುತ್ತೇನೆ, ಆಮೇಲೆ ಭರಣಿ ಕೊಟ್ಟು ನಗಬೇಕು. ಡೈರೆಕ್ಟರ್ ಎತ್ತರದ ಆಸಾಮಿ. ನಮ್ಮೂರಿನ ಹೆಸರನ್ನು ಬಹಳ ಕಷ್ಟಪಟ್ಟು ಉಚ್ಚರಿಸಿ, ನಮ್ಮ ಔದಾರ್ಯದಿಂದ ಇಡೀ ಭೂಮಿ ತಂಪಾಗುತ್ತದೆ ಎಂದು ಹೊಗಳಿದ. ನನ್ನ ಕೈಗೆ ಭರಣಿ ಬಂತು.

ಕನ್ನಡದಲ್ಲಿಯೇ ಶುರು ಮಾಡಿದೆ. ಈ ಗುಡ್ಡ ನನ್ನೊಬ್ಬಳದಲ್ಲ, ಕೊಡುವ ಹಕ್ಕು ನನಗಿಲ್ಲ, ಕೊಡುವ ಮನಸ್ಸೂ ಇಲ್ಲ ಎಂದೆ. ಶ್ರೀಧರ್ ಮೈಕು ತೆಗೆದುಕೊಂಡು, ಇಡೀ ಊರಿನ ಪರವಾಗಿ ಅಧ್ಯಕ್ಷರು ಕೃತಜ್ಞತೆ ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಉಸುರಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎಲಾ ಇವನ! ಪಿಯುಸಿಯಲ್ಲಿ ಇಂಗ್ಲಿಷು ಎರಡು ಸಲ ಕಟ್ಟಿ ಪಾಸಾದವಳು ನಾನು, ಅಷ್ಟೂ ತಿಳಿಯುವುದಿಲ್ಲ ಎಂದುಕೊಂಡನೇ? ಮೈಕನ್ನು ಅವರ ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಬರೆಯುತ್ತೇನೆ, ಪಡೆದೆ ಎಂದು ಬರೆದರೆ ಸುಳ್ಳಾಗುತ್ತದೆ.

ಬಿಡಿ ಬಿಡಿ ಪದಗಳ ಇಂಗ್ಲಿಷಿನಲ್ಲಿ ಭರಣಿ ಎತ್ತಿ ಹಿಡಿದು ಹೇಳಿದೆ: "ಇದು ನನ್ನ ಗುಡ್ಡದ ಮಣ್ಣಲ್ಲ. ನನ್ನ ಗುಡ್ಡದ ಮಣ್ಣನ್ನು ನಿಮ್ಮ ವಿಮಾನ ನಿಲ್ದಾಣದವರು ರೋಗ ಎಂದು ಬಿಸಾಡಿದರು. ಇದು ಹೆಲ್ಗಾ ಅವರ ಗುಲಾಬಿ ಗಿಡದ ಮಣ್ಣು. ಗಿಡ ಹಚ್ಚುವುದಿದ್ದರೆ ಅವರ ಹಿತ್ತಲಲ್ಲಿ ಹಚ್ಚಿರಿ."

ಶ್ರೀಧರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಲ್ಗಾ ಎದ್ದು ನಿಂತು, ಸುಳ್ಳು ಸಹಿಸದ ಮಾಸ್ತರಿಣಿಯ ದನಿಯಲ್ಲಿ, ಹೌದು, ನನ್ನ ಹಿತ್ತಲಿನದೇ, ನಾನೇ ಅಪ್ಪಣೆ ಕೊಟ್ಟೆ ಎಂದರು. ಯಾರೋ ನಕ್ಕರು. ಆ ನಗು ನಿಲ್ಲುವ ಮೊದಲೇ ಉಳಿದದ್ದನ್ನೂ ಹೇಳಿ ಮುಗಿಸಿದೆ. ಎರಡು ಫೋಟೋಗಳು ಒಂದೇ ವರ್ಷದವು, ಹಸಿರಾದದ್ದು ಮಳೆಗೆ ಮತ್ತು ಮಾವ ಹಚ್ಚಿದ ಮುಳ್ಳಿಗೆ, ನಮ್ಮ ಗುಡ್ಡ ಖಾಲಿ ಇಲ್ಲ. ನಮ್ಮ ಹಿಡಿ ಮಣ್ಣು ನಿಮ್ಮ ದೇಶಕ್ಕೆ ಬರುವಂತಿಲ್ಲ, ನಿಮ್ಮ ಹೊಗೆ ಮಾತ್ರ ನಮ್ಮ ಗುಡ್ಡಕ್ಕೆ ಬರಬೇಕೇ ಎಂದು ಕೇಳಿದೆ. ಭರಣಿಯನ್ನು ಹೆಲ್ಗಾ ಅವರ ಕೈಗೇ ಕೊಟ್ಟು ಇಳಿದೆ.

ಅವರು ಅದಕ್ಕೂ ಚಪ್ಪಾಳೆ ತಟ್ಟಿದರು. ಮೊದಲಿಗಿಂತ ಜೋರಾಗಿ ತಟ್ಟಿದರು. ಡೈರೆಕ್ಟರ್ ಬಂದು ನನ್ನ ಕೈ ಕುಲುಕಿ, ಇಂಥ ನೇರ ಮಾತು ಕೇಳಿ ಬಹಳ ದಿನವಾಗಿತ್ತು ಎಂದು ಸಂತೋಷಪಟ್ಟ. ಬೈದರೂ ನಗುವ ಜನರನ್ನು ನಾನು ಮೊದಲ ಬಾರಿಗೆ ಕಂಡದ್ದು ಅಲ್ಲಿಯೇ. ನಮ್ಮ ಕಡೆಯಾಗಿದ್ದರೆ ಕನಿಷ್ಠ ಜಗಳವಾದರೂ ಆಗುತ್ತಿತ್ತು.

ಸಂಜೆ ಹೆಲ್ಗಾ ಚಹಾ ಮಾಡಿ ತಂದಿಟ್ಟರು. ಎದುರಿಗೆ ಕೂತು ಕೇಳಿದರು, ಹಾಗಾದರೆ ನನ್ನ ಗಿಡ ಎಲ್ಲಿದೆ ರಟ್ನಾ, ನಾನು ಹಾರಿದ್ದಕ್ಕೆ ಏನು ಮಾಡಲಿ. ಹಾರಬೇಡಿ ಎಂದೆ. ನನಗೆ ಅದಕ್ಕಿಂತ ನಯವಾದ ಇಂಗ್ಲಿಷು ಬರುತ್ತಿರಲಿಲ್ಲ. ಚಹಾ ಮುಗಿಸಿ ಎದ್ದವರು ಅದರ ಚೀಲವನ್ನು ಬಿಡಿಸದೆ ಇಡಿಯಾಗಿ ಒಂದು ಡಬ್ಬಿಗೆ ಎಸೆದು ಮಲಗಲು ಹೋದರು. ಅವರನ್ನು ನೋಯಿಸಿದ್ದಕ್ಕೆ ನನಗೆ ಬೇಸರವಾಯಿತು.

ಹೊರಡುವ ದಿನ ಮರೆತ ಶಾಲು ತರಲು ಮೇಳಕ್ಕೆ ಹೋದೆ. ಅಂಗಡಿಯಲ್ಲಿ ಥರ್ಮಾಕೋಲಿನ ಗುಡ್ಡ ಹಾಗೆಯೇ ಇತ್ತು. ಅದೇ ಬೇಲಿ, ಅದೇ ನೀಲಗಿರಿ, ಅದೇ ಕಾವಲುಗಾರ. ಊರಿನ ಹೆಸರಿನ ಪಟ್ಟಿಯನ್ನು ಮಾತ್ರ ಕಿತ್ತು ಬೇರೆ ಹೆಸರು ಅಂಟಿಸಿದ್ದರು. ಹರಪನಹಳ್ಳಿ ತಾಲ್ಲೂಕಿನ ಒಂದು ಊರು. ಯಾವ ಊರೆಂದು ಇಲ್ಲಿ ಬರೆಯುವುದಿಲ್ಲ, ಆ ಊರಿನವರದೇನೂ ತಪ್ಪಿಲ್ಲ. ನನ್ನನ್ನು ಕಂಡು ಶ್ರೀಧರ್ ಮುಖ ತಿರುಗಿಸಿ ಕಾಗದ ಜೋಡಿಸತೊಡಗಿದರು.

ಕೊಟ್ಟೂರು ದಾಟಿ

ಕೂಡ್ಲಿಗಿಯಲ್ಲಿ ಇಳಿದಾಗ ಮನೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಟ್ರಂಕನ್ನು ಪರಿಚಯದ ಅಂಗಡಿಯಲ್ಲಿಟ್ಟು, ಮನೆಗೆ ಒಂದು ಫೋನು ಮಾಡಿಸಿ, ಹರಪನಹಳ್ಳಿಯ ಬಸ್ಸು ಹತ್ತಿದೆ. ಕೊಟ್ಟೂರಿನಲ್ಲಿ ಬಸ್ಸು ತುಂಬಿ, ಕೋಳಿಪುಟ್ಟಿ ಹಿಡಿದವಳೊಬ್ಬಳು ನನ್ನ ತೊಡೆಯ ಮೇಲೇ ಅರ್ಧ ಕೂತಳು. ಎಲ್ಲಿಂದ ಬಂದ್ರಿ ಎಂದಳು. ಜರ್ಮನಿ ಎಂದೆ. ಅದು ಹಡಗಲಿ ದಾಟಿ ಬರ್ತೈತೇನ್ರಿ ಎಂದು ಕೇಳಿದಳು. ಹೂಂ, ಸ್ವಲ್ಪ ದಾಟಬೇಕು ಎಂದೆ.

ಆ ಊರಿನ ಅಧ್ಯಕ್ಷರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಹಿಂದೆಯೇ ಗುಡ್ಡ. ನಮ್ಮದಕ್ಕಿಂತ ಸಣ್ಣದು, ಆದರೆ ಹುಲ್ಲು ಒಳ್ಳೆಯದಿತ್ತು. ಅಧ್ಯಕ್ಷರು ಒಳ್ಳೆಯ ಮನುಷ್ಯ, ನಮ್ಮ ಹಾಗೆ ಕುರಿ ಸಾಕಿದವರು. ನಾನು ವಿದೇಶದಿಂದ ನೇರ ಬಂದೆನೆಂದು ತಿಳಿದು ಅವರಿಗೆ ಹಿಗ್ಗೋ ಹಿಗ್ಗು. 'ನಂದೂ ಪಾಸ್‌ಪೋರ್ಟ್ ಬಂತ್ರಿ ಅಕ್ಕಾರ' ಎಂದು ಪೆಟ್ಟಿಗೆಯಿಂದ ಅರಿವೆ ಬಿಚ್ಚಿ ತೆಗೆದು ತೋರಿಸಿದರು. ಬೆಂಗಳೂರಿನ ಸಾಹೇಬರು ಕೆಲವು ತಿಂಗಳ ಹಿಂದೆಯೇ ಮನೆತನಕ ಬಂದು ಮುಂದಿನ ಮೇಳಕ್ಕೆ ಕರೆದಿದ್ದರಂತೆ. ಅಲ್ಲಿ ಚಳಿ ಎಷ್ಟು, ಸ್ವೆಟರು ದಾವಣಗೆರೆಯಲ್ಲಿ ಕೊಂಡರೆ ಸಾಕೇ, ಸನ್ಮಾನಕ್ಕೆ ಪೇಟ ಸುತ್ತಿಕೊಂಡು ಹೋಗಬೇಕೇ ಎಂದೆಲ್ಲ ಕೇಳಿದರು.

ಸ್ವೆಟರಿನ ಮಾತು ಬಿಟ್ಟು ಎಲ್ಲವನ್ನೂ ಹೇಳಿದೆ. ಬೇಲಿ, ನೀಲಗಿರಿ, ಸೀಟಿ ಊದುವ ಕೆಲಸ, ಕಿತ್ತು ಅಂಟಿಸಿದ ಹೆಸರು, ಒಂದನ್ನೂ ಬಿಡಲಿಲ್ಲ. ಅವರು ಹೂಂ ಹೂಂ ಎಂದು ಕೇಳಿದರು. ಕೇಳಿ, ಪಾಸ್‌ಪೋರ್ಟನ್ನು ಮೊಣಕಾಲಿನ ಮೇಲೆ ಸವರುತ್ತಾ, ಹೋಗಿ ನೋಡಿ ಬರೋದಕ್ಕೇನು ತೊಂದರೆ, ಕೊಡಾದು ಬಿಡಾದು ಆಮೇಲಿನ ಮಾತು ಎಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು.

"ಗುಡ್ಡ ಕೊಟ್ಟು ಬರಂಗಿದ್ರ ಅಲ್ಲೇ ಇರಾಕ ಹೇಳ್ರಕ್ಕ ಅವರಿಗೆ. ಇಲ್ಲಿ ಕುರಿ ನಾ ಕಾಯ್ತೀನಿ."

ಮರಿಯ ಬಾಯಿಂದ ಬಾಟಲಿ ತೆಗೆದು, ಅದನ್ನು ಎತ್ತಿಕೊಂಡು ಅವಳು ಗುಡ್ಡದ ಕಡೆ ಹೊರಟಳು. ಅಧ್ಯಕ್ಷರು ಪಾಸ್‌ಪೋರ್ಟಿಗೆ ಅರಿವೆ ಸುತ್ತಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಸ್ವೆಟರಿನ ಮಾತು ಮತ್ತೆ ಎತ್ತಲಿಲ್ಲ.